ಜೂನ್ ಎರಡರ ನೀಲವ್ವ

ಸೋಮವಾರ ಬೆಳಗಿನ ಹತ್ತೂವರೆಗೆ ಏಕೀಕಾರಕ ತನ್ನ ಕೆಲಸ ಆರಂಭಿಸಿತು. ನೋಡುವುದಕ್ಕೆ ಅದು ಊಟದ ಡಬ್ಬಿಗಿಂತ ದೊಡ್ಡದೇನಲ್ಲ. ಕಮತಗೇರಿಯ ನೇಕಾರರ ಸಹಕಾರಿ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗುಂಯ್‌ಗುಡುತ್ತಿದ್ದ ಹಳೆಯ ಗಣಕಯಂತ್ರದ ಪಕ್ಕದಲ್ಲಿ ಅದನ್ನು ಇಟ್ಟು, ನಡುವೆ ಒಂದು ತಂತಿ ಜೋಡಿಸಿದ್ದರು. ತಂತಿಯ ಈ ತುದಿಯಲ್ಲಿ ಊರಿನ ಅಷ್ಟೂ ಜನರ ಕೆಮ್ಮು, ಜ್ವರ, ಹೆರಿಗೆ, ಮೂಳೆ ಮುರಿತಗಳಿದ್ದವು. ಆ ತುದಿಯಲ್ಲಿ ಮುಗಿಲ ಕಣಜವಿತ್ತು.

ಮುಗಿಲ ಕಣಜ ಎಂದಾಕ್ಷಣ ಯಾರೂ ತಲೆಯೆತ್ತಿ ಆಕಾಶ ನೋಡಬೇಕಾಗಿಲ್ಲ. ಅದೂ ನೆಲದ ಮೇಲಿನ ಕಟ್ಟಡವೇ, ಆದರೆ ಬಹಳ ದೂರದ್ದು, ಬಹಳ ದೊಡ್ಡದು, ಸದಾ ತಣ್ಣಗಿರುವಂಥದು. ಸಾವಿರಾರು ಆಸ್ಪತ್ರೆಗಳ ದಾಖಲೆಗಳನ್ನು ಅಲ್ಲಿ ಒಟ್ಟಿಗೆ ಇಟ್ಟು, ಅದಕ್ಕೆಂದೇ ನೇಮಕವಾದ ಜನ ಕಾಯುತ್ತಾರೆ. ಯಂತ್ರ ಕೆಟ್ಟರೆ ಅವರೇ ರಿಪೇರಿ ಮಾಡುತ್ತಾರೆ, ಪ್ರತಿ ದಾಖಲೆಗೂ ಮೂರು ಊರುಗಳಲ್ಲಿ ಮೂರು ಪ್ರತಿ ಇಟ್ಟಿರುತ್ತಾರೆ. ಆಸ್ಪತ್ರೆ ತನ್ನದೇ ಯಂತ್ರ ಸಾಕಿಕೊಂಡು ಒದ್ದಾಡಬೇಕಾಗಿಲ್ಲ. ಕಮತಗೇರಿಯವರು ಸಾಕಷ್ಟು ಒದ್ದಾಡಿದ್ದರು. ಹಿಂದಿನ ಬೇಸಿಗೆಯಲ್ಲಿ ಆ ಹಳೆಯ ಯಂತ್ರ ಸೆಕೆ ತಾಳಲಾರದೆ ಮೂರು ದಿನ ಮಲಗಿಬಿಟ್ಟಿತ್ತು. ಅದಕ್ಕೂ ಹಿಂದಿನ ವರ್ಷ ಒಳಗೆ ಇರುವೆ ಗೂಡು ಕಟ್ಟಿದ್ದವು. ಬಿಡಿಭಾಗ ಮಾಡುವ ಕಾರ್ಖಾನೆಯೇ ಮುಚ್ಚಿಹೋಗಿತ್ತು.

ದಾಖಲೆ ಸಾಗಿಸುವ ಯಂತ್ರಗಳು ಎರಡು ಸಾವಿರದ ಮೂವತ್ತೆಂಟರ ಆ ಹೊತ್ತಿಗೆ ಎಷ್ಟೋ ಬಂದಿದ್ದವು. ಏಕೀಕಾರಕದ ಹೆಚ್ಚುಗಾರಿಕೆ ಎಂದರೆ ಅದು ಬರೀ ಹೊರುವ ಕೂಲಿಯಲ್ಲ, ಓದಿ ಅರ್ಥ ಮಾಡಿಕೊಂಡು ಹೊರುವ ಕೂಲಿ. ಒಬ್ಬನೇ ಮನುಷ್ಯನ ಹೆಸರು ಎರಡು ಕಡೆ ದಾಖಲಾಗಿದ್ದರೆ ಎರಡನ್ನೂ ಒಂದು ಮಾಡುತ್ತಿತ್ತು. ಇವೆರಡರಲ್ಲಿ ಹೊಂದಿಕೆಯಾಗದ ಮಾತಿದ್ದರೆ ಯಾವುದು ಸರಿ ಎಂದು ತರ್ಕದಿಂದ ತೀರ್ಮಾನಿಸುತ್ತಿತ್ತು.

ಅದನ್ನು ಕಂಡುಹಿಡಿದವರು ಮೈಸೂರಿನ ಡಾ. ಇಳಾ ಮೂರ್ತಿ. ಕಂಡುಹಿಡಿದದ್ದಕ್ಕೆ ಒಂದು ಕಾರಣವಿತ್ತು. ಅವರ ತಂದೆ ಕೊನೆಗಾಲದಲ್ಲಿ ನಾಲ್ಕು ಆಸ್ಪತ್ರೆಗಳಿಗೆ ಓಡಾಡಿದ್ದರು. ನಾಲ್ಕರಲ್ಲೂ ಅವರು ಬೇರೆ ಬೇರೆ ನಾಲ್ಕು ಮನುಷ್ಯರಾಗಿ ದಾಖಲಾಗಿದ್ದರು. ಒಬ್ಬ ವೈದ್ಯರು ಕೊಟ್ಟ ಮಾತ್ರೆ ಇನ್ನೊಬ್ಬ ವೈದ್ಯರಿಗೆ ತಿಳಿಯಲಿಲ್ಲ, ಎರಡೂ ಸೇರಿ ಒಳಗೆ ರಕ್ತಸ್ರಾವವಾಯಿತು. ನಾಲ್ವರನ್ನು ಒಬ್ಬರನ್ನಾಗಿ ಮಾಡುವ ಯಂತ್ರ ಆಗ ಇದ್ದಿದ್ದರೆ ಅಪ್ಪ ಉಳಿಯುತ್ತಿದ್ದರು ಎಂದು ಇಳಾ ನಂಬಿದ್ದರು. ಆ ನಂಬಿಕೆಯಲ್ಲಿ ತಪ್ಪೇನೂ ಇರಲಿಲ್ಲ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಡಬ್ಬಿಯ ಮೇಲೆ ಹಸಿರು ದೀಪ ಬೆಳಗಿತು. ಪರದೆಯ ಮೇಲೆ ಸಾಲುಗಳು ಮೂಡಿದವು. ಹಳೆಯ ಕಣಜದಲ್ಲಿದ್ದ ವ್ಯಕ್ತಿಗಳು: 61,412. ಮುಗಿಲ ಕಣಜದಲ್ಲಿರುವ ವ್ಯಕ್ತಿಗಳು: 58,907. ಒಂದಾದ ಜೋಡಿ ದಾಖಲೆಗಳು: 2,505. ದೋಷ: ಸೊನ್ನೆ.

ಆಡಳಿತ ಮಂಡಳಿಯ ಅಧ್ಯಕ್ಷರು ಪೇಡೆ ಹಂಚಿಸಿದರು. ಅರ್ಧ ಗಂಟೆಯೊಳಗೆ ಎಲ್ಲ ಕೌಂಟರುಗಳೂ ಹೊಸ ಸೇವೆಗೆ ಬದಲಾದವು. ಒಪ್ಪಂದದ ಪ್ರಕಾರ ಹಳೆಯ ಯಂತ್ರ ಒಂದು ವಾರ ಸುಮ್ಮನೆ ಚಾಲೂ ಇರಬೇಕು, ಆಮೇಲೆ ಆರಿಸಬೇಕು.

ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತವರು ಒಬ್ಬರೇ, ಮಾನಪ್ಪ ಪತ್ತಾರ. ದಾಖಲೆ ಕೋಣೆಯ ಗುಮಾಸ್ತರು, ಐವತ್ತೆಂಟು ವರ್ಷ ವಯಸ್ಸು. ಹಳೆಯ ಯಂತ್ರ ಬಂದ ದಿನವೇ ಕೆಲಸಕ್ಕೆ ಸೇರಿದವರು. ಅವರು ಪರದೆಯ ಮೇಲಿನ ಮೂರನೆಯ ಸಾಲನ್ನೇ ನೋಡುತ್ತಿದ್ದರು. ಎರಡೂವರೆ ಸಾವಿರ. ಅಷ್ಟು ಜೋಡಿ ದಾಖಲೆ ತಮ್ಮ ಯಂತ್ರದಲ್ಲಿ ಇರಲಿಕ್ಕೆ ಸಾಧ್ಯವೇ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಯಾಕೆ ಸಾಧ್ಯವಿಲ್ಲ ಎಂದು ಹೇಳಬೇಕಾದರೆ ಒಂದು ಗುಟ್ಟನ್ನೂ ಹೇಳಬೇಕಾಗಿತ್ತು. ನಾಚಿಕೆಯಿಂದ ಅವರು ಅರ್ಧ ಗಂಟೆ ಬಾಯಿ ಬಿಡಲಿಲ್ಲ. ಆ ಅರ್ಧ ಗಂಟೆಯನ್ನು ಆಮೇಲೆ ಎಷ್ಟು ಸಲ ನೆನೆಸಿಕೊಂಡು ಕೊರಗಿದರೋ ಅವರಿಗೇ ಗೊತ್ತು.

ಕೊನೆಗೆ ಇಳಾ ಚೀಲ ಮುಚ್ಚುತ್ತಿದ್ದಾಗ ಅವರ ಎದುರು ಬಂದು ನಿಂತರು.

“ಮೇಡಮ್ಮಾರ, ಒಂದ ಮಾತು ಕೇಳ್ಲೇನ್ರಿ?”

“ಕೇಳಿ ಮಾನಪ್ಪನವರೇ.”

“ಇಬ್ಬರು ಒಬ್ಬರೇ ಅಂತ ನಿಮ್ಮ ಡಬ್ಬಿಗಿ ಹ್ಯಾಂಗ ಗೊತ್ತಾಗತೈತ್ರಿ?”

ಕೆಲಸ ಮುಗಿದ ಸಂತೋಷದಲ್ಲಿದ್ದ ಇಳಾ ಬಿಡಿಸಿ ಹೇಳಿದರು. “ಹೆಸರು ನೋಡುತ್ತೆ. ಗಂಡನ ಅಥವಾ ತಂದೆಯ ಹೆಸರು, ಮನೆತನದ ಹೆಸರು, ಮನೆ ನಂಬರು, ಹುಟ್ಟಿದ ದಿನ ನೋಡುತ್ತೆ. ಐದೂ ಹೊಂದಿದರೆ ಒಬ್ಬರೇ. ನಾಲ್ಕು ಸರಿಯಾಗಿ ಹೊಂದಿ, ಹುಟ್ಟಿದ ದಿನದಲ್ಲಿ ಮಾತ್ರ ಒಂದೆರಡು ದಿನ ಹೆಚ್ಚುಕಡಿಮೆ ಇದ್ದರೆ, ಅದು ಬರೆಯುವವರ ಕೈತಪ್ಪು ಅಂತ ತಿಳಿದುಕೊಳ್ಳುತ್ತೆ. ನಿಮ್ಮಲ್ಲಿ ಅಂಥವೇ ಜಾಸ್ತಿ ಇದ್ದವು. ಜೂನ್ ಒಂದು, ಜೂನ್ ಎರಡು, ಜೂನ್ ಮೂರು. ಪಾಪ, ನಿಮಗೂ ಒಬ್ಬರಿಗೇ ಎಷ್ಟು ಕೆಲಸ!”

ಮಾನಪ್ಪ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

“ಅವು ಕೈತಪ್ಪು ಅಲ್ರಿ ಮೇಡಮ್ಮಾರ. ನಾನ ಬೇಕಂತ ಹಾಕಿದ್ದು.”

ಗುಟ್ಟು ಹೊರಗೆ ಬಂತು. ಆ ಕಡೆಯ ಹಳ್ಳಿಗಳಲ್ಲಿ ಹುಟ್ಟಿದ ದಿನ ಬರೆದಿಟ್ಟವರು ಕಡಿಮೆ. ಮಗುವನ್ನು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಲೆಕ್ಕ ಸರಿಹೋಗಲೆಂದು ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಹೀಗಾಗಿ ಅರ್ಧ ಕಮತಗೇರಿ ಹುಟ್ಟಿದ್ದು ಜೂನ್ ಒಂದಕ್ಕೆ. ಅದರ ಮೇಲೆ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರು, ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದು ಅಲ್ಲಿಯ ಪದ್ಧತಿ. ಮೂವರು ಗಂಡುಮಕ್ಕಳಿದ್ದ ಮನೆಯಲ್ಲಿ ಮೂರು ಮೊಮ್ಮಕ್ಕಳಿಗೆ ಒಂದೇ ಹೆಸರು. ಹಳೆಯ ಯಂತ್ರಕ್ಕೆ ಒಂದೇ ಹೆಸರು, ಒಂದೇ ಮನೆ, ಒಂದೇ ಹುಟ್ಟಿದ ದಿನ ಇರುವ ಇಬ್ಬರನ್ನು ಕೊಟ್ಟರೆ ಒಪ್ಪುತ್ತಿರಲಿಲ್ಲ, ‘ಈಗಾಗಲೇ ಇದ್ದಾರೆ’ ಎಂದು ಹಟ ಹಿಡಿಯುತ್ತಿತ್ತು. ಎದುರಿಗೆ ಜ್ವರದಿಂದ ನಡುಗುವ ಮನುಷ್ಯ ನಿಂತಿರುವಾಗ ಮಾನಪ್ಪ ಯಂತ್ರದ ಜೊತೆ ಎಷ್ಟು ಹೊತ್ತು ಜಗಳವಾಡಬೇಕು? ಎರಡನೆಯವರಿಗೆ ಜೂನ್ ಎರಡು ಹಾಕಿದರು, ಯಂತ್ರ ಒಪ್ಪಿತು. ಮೂರನೆಯವರಿಗೆ ಜೂನ್ ಮೂರು. ಅದೇ ರೂಢಿಯಾಯಿತು. ಜನರೂ ಕಲಿತುಬಿಟ್ಟರು. ಕೌಂಟರಿಗೆ ಬಂದು, ‘ನಾ ಎರಡರಾಕಿ ರೀ’, ‘ನಾ ಮೂರರಾಂವ ರೀ’ ಎಂದು ತಾವೇ ಹೇಳುತ್ತಿದ್ದರು.

“ಸಾಗಾಟಕ್ಕೆ ಮುಂಚೆ ಒಂದು ಫಾರಂ ಕಳಿಸಿದ್ದೆನಲ್ಲ ಮಾನಪ್ಪನವರೇ? ಪ್ರತಿ ಕಾಲಮಿನಲ್ಲೂ ಏನಿದೆ ಬರೆಯಿರಿ ಅಂತ?” ಇಳಾರ ದನಿ ತಗ್ಗಿತ್ತು.

“ಬರದಿದ್ದೆ ರೀ. ‘ಹುಟ್ಟಿದ ದಿನ’ ಅಂತ ಬರದಿದ್ದೆ. ಇಪ್ಪತ್ತಾರು ವರ್ಷ ಸುಳ್ಳ ತಾರೀಖು ಹಾಕೇನಿ ಅಂತ ಹ್ಯಾಂಗ ಬರೀಲ್ರಿ? ಮರ್ಯಾದಿ ಹೋಗತೈತಿ ಅಂತ ಸುಮ್ಮನಾದೆ.”

ಇಳಾ ಬೈಯಲಿಲ್ಲ. ತಮ್ಮ ಯಂತ್ರ ಒಂದೆರಡು ದಿನದ ವ್ಯತ್ಯಾಸವನ್ನು ಕೈತಪ್ಪು ಎಂದು ತಿಳಿಯಲಿ ಎಂದು ಬರೆದವರು ತಾವೇ ಎಂಬುದು ಅವರಿಗೆ ಮರೆತಿರಲಿಲ್ಲ. “ಗಾಬರಿಯಾಗಬೇಡಿ. ಹಳೆಯ ಯಂತ್ರ ಇನ್ನೂ ಚಾಲೂ ಇದೆ, ಎಲ್ಲವನ್ನೂ ಬಿಡಿಸಬಹುದು. ಇವತ್ತೇ ತೊಂದರೆ ಆಗುವಂಥವರು ಯಾರಾದರೂ ಇದ್ದಾರಾ?”

ಮಾನಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. “ನೀಲವ್ವ ಅದಾಳ್ರಿ. ಜೂನ್ ಎರಡರ ನೀಲವ್ವ.”

ನೀಲವ್ವ ಸಂಗಪ್ಪ ಜಂಬಗಿ ಎಂಬ ಹೆಸರಿನವರು ಇಬ್ಬರಿದ್ದರು. ಅಣ್ಣತಮ್ಮಂದಿರ ಮಕ್ಕಳು, ಒಬ್ಬಳೇ ಅಜ್ಜಿಯ ಹೆಸರಿನವರು, ಒಂದೇ ದಿನ ಶಾಲೆಗೆ ಸೇರಿದವರು. ಒಂದೇ ಹಂದರದಲ್ಲಿ ಜಂಬಗಿ ಮನೆತನದ ಇಬ್ಬರು ಸಂಗಪ್ಪಂದಿರನ್ನು ಮದುವೆಯಾಗಿ ಒಂದೇ ಮನೆ ಸೇರಿದರು. ಹನ್ನೊಂದು ವರ್ಷಗಳ ಹಿಂದೆ ಮಗ್ಗದ ಕೋಣೆ ಯಾರಿಗೆ ಎಂದು ಗಂಡಸರು ಜಗಳವಾಡಿ ಮನೆಯ ನಡುವೆ ಗೋಡೆ ಎಬ್ಬಿಸಿದರು. ಮನೆ ಎರಡಾಯಿತು, ಪುರಸಭೆಯ ಮನೆ ನಂಬರು ಮಾತ್ರ ಒಂದೇ ಉಳಿಯಿತು. ಅಂದಿನಿಂದ ಇಬ್ಬರು ನೀಲವ್ವರೂ ಒಬ್ಬರೊಡನೊಬ್ಬರು ಮಾತಾಡಿರಲಿಲ್ಲ.

ಜೂನ್ ಒಂದರ ನೀಲವ್ವನಿಗೆ ಹೃದಯದ ಕವಾಟದ ತೊಂದರೆ. ಒಂಬತ್ತು ವರ್ಷಗಳಿಂದ ಇಪ್ಪತ್ತೊಂದು ದಿನಕ್ಕೊಮ್ಮೆ ಬಂದು ಪೆನಿಸಿಲಿನ್ ಸೂಜಿ ಮಾಡಿಸಿಕೊಂಡು ಹೋಗುತ್ತಿದ್ದಳು. ಜೂನ್ ಎರಡರ ನೀಲವ್ವನಿಗೆ ಅದೇ ಪೆನಿಸಿಲಿನ್ ವಿಷ. ಒಂದು ಸೂಜಿ ಬಿದ್ದರೆ ಗಂಟಲು ಬಿಗಿದು ಉಸಿರು ನಿಲ್ಲುತ್ತದೆ. ಅವಳ ಚೀಟಿಯ ಮೇಲೆ ಪ್ರತಿ ಸಲವೂ ಕೆಂಪು ಅಕ್ಷರದಲ್ಲಿ ಅದು ಮೂಡುವಂತೆ ಮಾನಪ್ಪ ಹಳೆಯ ಯಂತ್ರಕ್ಕೆ ಕಲಿಸಿದ್ದರು.

ಇಳಾ ಬೇಗ ಬೇಗ ಬೆರಳಾಡಿಸಿ ಮುಗಿಲ ಕಣಜದಲ್ಲಿ ಹುಡುಕಿದರು. ನೀಲವ್ವ ಸಂಗಪ್ಪ ಜಂಬಗಿ ಒಬ್ಬಳೇ ಇದ್ದಳು. ಹುಟ್ಟಿದ ದಿನ ಜೂನ್ ಒಂದು. ಕೆಳಗೆ ಏಕೀಕಾರಕದ ಟಿಪ್ಪಣಿ ಇತ್ತು: ‘ಈ ವ್ಯಕ್ತಿಗೆ ಪೆನಿಸಿಲಿನ್ ಒಗ್ಗುವುದಿಲ್ಲ ಎಂಬ ಹಳೆಯ ನಮೂದು ಕಂಡುಬಂದಿದೆ. ಆದರೆ ಇದೇ ವ್ಯಕ್ತಿಗೆ ನೂರೈವತ್ತಾರು ಬಾರಿ ಪೆನಿಸಿಲಿನ್ ಕೊಡಲಾಗಿದ್ದು ಒಮ್ಮೆಯೂ ತೊಂದರೆಯಾಗಿಲ್ಲ. ಆದ್ದರಿಂದ ನಮೂದು ತಪ್ಪೆಂದು ತೀರ್ಮಾನಿಸಿ ತೆಗೆದುಹಾಕಲಾಗಿದೆ.’

ತರ್ಕದಲ್ಲಿ ಒಂದೂ ಲೋಪವಿರಲಿಲ್ಲ. ಅದರ ಕೆಳಗಿನ ಸಾಲನ್ನು ಮಾನಪ್ಪ ಓದಿದರು.

‘ಇಂದು: ಬಲಗೈ ಹೆಬ್ಬೆರಳಿನ ಗಾಯ, ಕೀವು. ಹಿಂದಿನಿಂದಲೂ ಒಗ್ಗಿರುವ ಔಷಧ: ಪೆನಿಸಿಲಿನ್ ಸೂಜಿ. ಪರೀಕ್ಷಾ ಸೂಜಿ ಅಗತ್ಯವಿಲ್ಲ. ಎರಡನೇ ಕೌಂಟರ್. ಸಿದ್ಧ.’

“ಗಾಯ ಯಾರಿಗೆ?” ಎಂದು ಕೇಳುತ್ತಲೇ ಇಳಾ ಎದ್ದಿದ್ದರು.

“ಒಂದರಾಕಿ ಮಗ್ಗಕ್ಕ ಕೂಡಂಗಿಲ್ರಿ, ಎದಿ ತಡೀಯಂಗಿಲ್ಲ. ಮಗ್ಗದಾಗ ಕೈ ಕೊಯ್ಕೊಂಡಾಕಿ ಎರಡರಾಕೀನ!”

ಇಬ್ಬರೂ ಓಡಿದರು. ದಾಖಲೆ ಕೋಣೆಯಿಂದ ಎರಡನೇ ಕೌಂಟರಿಗೆ ಒಂದು ಉದ್ದನೆಯ ಪಡಸಾಲೆ, ಒಂದು ತಿರುವು, ಹತ್ತು ಮೆಟ್ಟಿಲು. ಇಳಾ ಓಡುತ್ತಲೇ ಕೌಂಟರಿಗೆ ಫೋನ್ ಮಾಡುತ್ತಿದ್ದರು, ಯಾರೂ ಎತ್ತಲಿಲ್ಲ. ಮಾನಪ್ಪನ ಕೈಯಲ್ಲಿದ್ದ ಪೇಡೆ ಎಲ್ಲೋ ಬಿದ್ದುಹೋಯಿತು. ಮೆಟ್ಟಿಲ ಮೇಲೆ ಅವರ ಒಂದು ಚಪ್ಪಲಿಯೂ ಕಳಚಿತು.

ಎರಡನೇ ಕೌಂಟರಿನ ಎದುರು ಜನ ಗುಂಪುಗೂಡಿದ್ದರು. ಗುಂಪನ್ನು ಸರಿಸಿ ನೋಡಿದರೆ ಬೆಂಚಿನ ಮೇಲೆ ಜೂನ್ ಎರಡರ ನೀಲವ್ವ ತೋಳಿನ ಸೆರಗು ಸರಿಸಿಕೊಂಡು ಕಣ್ಣು ಪಿಳಿಪಿಳಿ ಬಿಡುತ್ತ ಕುಳಿತಿದ್ದಳು. ಸಿಸ್ಟರ್ ರುಕ್ಸಾನಾ ಕೈಯಲ್ಲಿ ಸೂಜಿ ಹಿಡಿದು ನಿಂತಿದ್ದಳು. ಆ ಸೂಜಿಯ ಕೈಯನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದು ಜೋತುಬಿದ್ದಿದ್ದವಳು ಜೂನ್ ಒಂದರ ನೀಲವ್ವ. ಅವಳಿಗೆ ಮಾತಾಡಲು ಉಸಿರಿರಲಿಲ್ಲ. ತುಟಿ ನೀಲಿಗಟ್ಟಿತ್ತು. ‘ಬ್ಯಾಡ, ಬ್ಯಾಡ’ ಎಂದಷ್ಟೇ ಹೇಳುತ್ತಿದ್ದಳು.

“ಬಿಡಂಗೇ ಇಲ್ರಿ ಮಾನಪ್ಪಣ್ಣ, ನೋಡ್ರಿ,” ಎಂದಳು ಸಿಸ್ಟರ್. “ಫೋನ್ ಎತ್ತಾಕೂ ಬಿಡವಲ್ಲಳು!”

“ಬಿಡಬ್ಯಾಡ ನೀಲವ್ವ!” ಎಂದು ಮಾನಪ್ಪ ಕೂಗಿದರು. ಸಿಸ್ಟರ್ ಕೈಯಿಂದ ಸೂಜಿ ಕಸಿದುಕೊಂಡು ಕಸದ ಡಬ್ಬಿಗೆ ಹಾಕಿದವರು ಇಳಾ. ಆಮೇಲೆ ಅವರು ಅದೇ ಬೆಂಚಿನ ತುದಿಯಲ್ಲಿ ಕುಳಿತು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡರು.

ಜೂನ್ ಒಂದರ ನೀಲವ್ವನನ್ನು ಮಲಗಿಸಿ, ಆಮ್ಲಜನಕ ಕೊಟ್ಟು, ಅವಳ ತುಟಿಗೆ ಮತ್ತೆ ಕೆಂಪು ಬಂದ ಮೇಲೆ ನಡೆದದ್ದೇನೆಂದು ತಿಳಿಯಿತು.

ಇಬ್ಬರನ್ನು ಒಬ್ಬಳನ್ನಾಗಿ ಮಾಡಿದ ಏಕೀಕಾರಕ ಎರಡು ಫೋನ್ ನಂಬರುಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಒಂದನ್ನು ಉಳಿಸಿಕೊಂಡಿತ್ತು. ಅದು ಇಪ್ಪತ್ತೊಂದು ದಿನಕ್ಕೊಮ್ಮೆ ಸಂದೇಶ ಪಡೆಯುತ್ತಿದ್ದ ಜೂನ್ ಒಂದರ ನೀಲವ್ವನ ಫೋನು. ಜೂನ್ ಎರಡರವಳು ಬಾಗಿಲಲ್ಲಿ ಹೆಸರು, ಮನೆ ನಂಬರು ಹೇಳಿದಾಗ ಹೊಸ ಯಂತ್ರ ‘ನಮಸ್ಕಾರ ನೀಲವ್ವ’ ಎಂದು ಬರಮಾಡಿಕೊಂಡಿತ್ತು. ಅವಳು ಖುಷಿಯಿಂದ ಒಳಗೆ ಹೋಗಿ ಕುಳಿತಿದ್ದಳು. ಅದೇ ಹೊತ್ತಿಗೆ ಎರಡು ಬೀದಿ ಆಚೆ, ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದ ಜೂನ್ ಒಂದರವಳ ಫೋನು ಗಟ್ಟಿಯಾಗಿ ಓದಿತು: ‘ನೀಲವ್ವ ಅವರೇ, ನಿಮ್ಮ ಬಲಗೈ ಹೆಬ್ಬೆರಳಿನ ಗಾಯಕ್ಕೆ ಪೆನಿಸಿಲಿನ್ ಸೂಜಿ ಸಿದ್ಧವಾಗುತ್ತಿದೆ. ಎರಡನೇ ಕೌಂಟರಿನ ಬಳಿ ಕುಳಿತಿರಿ.’

“ನಾ ನನ್ನ ಬೆರಳು ನೋಡ್ಕೊಂಡೆ ರೀ ಮೇಡಮ್ಮಾರ,” ಎಂದು ಮಲಗಿದಲ್ಲಿಂದಲೇ ಹೇಳಿದಳು. “ಗಾಯ ಇಲ್ಲ ಏನಿಲ್ಲ. ನನ್ನ ಸೂಜಿ ದಿನಾನೂ ಅಲ್ಲ ಇವತ್ತು. ಹಂಗಾರ ಗಾಯ ಯಾರಿಗೆ ಆಗೈತಿ? ಎರಡು ದಿನದಿಂದ ಗ್ವಾಡಿ ಆಚೆ ಮಗ್ಗದ ಸಪ್ಪಳ ನಿಂತಿತ್ತು ನೋಡ್ರಿ. ಆಗ ತಿಳೀತು. ಹನ್ನೆರಡು ವರ್ಷದಾಕಿ ಇದ್ದಾಗ ಆ ಸೂಜಿ ಬಿದ್ದು ಇಕಿ ನನ್ನ ತೊಡಿ ಮ್ಯಾಲನ ಒದ್ದಾಡಿದ್ಳು. ಇಕಿ ಮಾರಿ ಬೀಗಿ ಕಣ್ಣು ಕಾಣ್ತಿದ್ದಿಲ್ಲ. ನನಗ ಜೀವ ಕೊಡೋ ಸೂಜಿ ಇಕಿಗೆ ಜೀವಾ ತಗೊಳ್ಳೂದು ರೀ. ಯಾರಿಗರ ಹೇಳೂಣು ಅಂದ್ರ ಮನ್ಯಾಗ ಯಾರೂ ಇದ್ದಿಲ್ಲ, ಫೋನ್ ಹಚ್ಚಾಕ ನನಗ ಬರಂಗಿಲ್ಲ. ಎದ್ದು ಬಂದೆ.”

“ಮೂರು ಸಲ ಕುಂತು ಕುಂತು ಬಂದಾಳಂತ,” ಎಂದಳು ಬಾಗಿಲ ಬಳಿ ನಿಂತಿದ್ದ ಸಿಸ್ಟರ್. ಅವಳ ಕಣ್ಣಲ್ಲೂ ನೀರಿತ್ತು.

ಜೂನ್ ಎರಡರ ನೀಲವ್ವ ಮಂಚದ ಪಕ್ಕದಲ್ಲಿ ನಿಂತಿದ್ದಳು. ಹೆಬ್ಬೆರಳಿಗೆ ಬೇರೆ ಔಷಧ ಹಾಕಿ ಪಟ್ಟಿ ಕಟ್ಟಿದ್ದರು. ಅವಳು ಇನ್ನೊಬ್ಬಳ ಕಾಲ ಮೇಲಿನ ಹೊದಿಕೆಯನ್ನು ಸರಿಮಾಡಿದಳು. ಸರಿಯಾಗಿಯೇ ಇದ್ದ ಹೊದಿಕೆಯನ್ನು ಮತ್ತೆ ಮತ್ತೆ ಸರಿಮಾಡಿದಳು.

“ನೀನರ ಹೇಳಬಾರದೇನವಾ, ನನಗ ಆ ಸೂಜಿ ಆಗಂಗಿಲ್ಲ ಅಂತ?” ಎಂದು ಮಾನಪ್ಪ ಕೇಳಿದರು.

“ನೀವ ಎಲ್ಲಾ ಬರದಿರ್ತೀರಿ ಅಂತ ನಾ ಎಂದೂ ಹೇಳಿಲ್ರಿ ಮಾನಪ್ಪಣ್ಣ. ಹೊಸಾದಕ್ಕ ಇನ್ನೂ ಹೆಚ್ಚು ಗೊತ್ತಿರತೈತಿ ಅಂದ್ಕೊಂಡೆ.”

ಮಾನಪ್ಪ ತಲೆ ತಗ್ಗಿಸಿದರು.

ಅಂದು ಮಧ್ಯಾಹ್ನವೇ ಆಸ್ಪತ್ರೆ ಹೊಸ ಸೇವೆಯನ್ನು ನಿಲ್ಲಿಸಿ ಹಳೆಯ ಯಂತ್ರಕ್ಕೆ ಮರಳಿತು. ಒಂದು ವಾರ ಬದುಕಬೇಕಾಗಿದ್ದ ಯಂತ್ರ ಆರು ವಾರ ದುಡಿಯಿತು. ಇಳಾ ಮೈಸೂರಿಗೆ ಹೋಗಲಿಲ್ಲ. ಮಾನಪ್ಪನ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಎರಡೂವರೆ ಸಾವಿರ ಜೋಡಿಗಳನ್ನು ಒಂದೊಂದಾಗಿ ಬಿಡಿಸಿದರು. ಏಕೀಕಾರಕಕ್ಕೆ ಹೊಸದೊಂದು ನಿಯಮ ಬರೆದರು: ಇಬ್ಬರನ್ನು ಒಬ್ಬರೆಂದು ತೀರ್ಮಾನಿಸುವ ಮೊದಲು ಅವರನ್ನೇ ಕರೆಸಿ ಕೇಳಬೇಕು. ವಿಜ್ಞಾನದ ದೃಷ್ಟಿಯಿಂದ ಅದೇನೂ ದೊಡ್ಡ ನಿಯಮವಲ್ಲ. ಆದರೆ ಅದಕ್ಕಾಗಿ ಆರು ವಾರ ಒಂದೇ ಹೆಸರಿನ ಜನ ಜೋಡಿ ಜೋಡಿಯಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಬಂದು ಕುಳಿತರು.

ಮೊದಲು ಕರೆಸಿದ್ದು ಇಬ್ಬರು ನೀಲವ್ವರನ್ನು. ಇಳಾ ಇಬ್ಬರಿಗೂ ಬೇರೆ ಬೇರೆ ಗುರುತಿನ ಸಂಖ್ಯೆ ಕೊಟ್ಟರು. “ಇನ್ನು ಮುಂದೆ ನಿಮ್ಮ ನಿಜವಾದ ಹುಟ್ಟಿದ ದಿನ ಬರೆಸಬಹುದು. ಸುಳ್ಳು ತಾರೀಖು ಬೇಕಾಗಿಲ್ಲ.”

“ಖರೇದು ಯಾರಿಗೆ ಗೊತ್ತೈತ್ರಿ? ಹಡದಾಕಿಗೇ ನೆನಪಿರಲಿಲ್ಲ,” ಎಂದಳು ಜೂನ್ ಎರಡರ ನೀಲವ್ವ. “ಮಾನಪ್ಪಣ್ಣ ಕೊಟ್ಟ ದಿನಾನ ಇರ್ಲಿ ಬಿಡ್ರಿ. ಇಪ್ಪತ್ತಾರು ವರ್ಷ ಎರಡರಾಕಿ ಅನಿಸ್ಕೊಂಡೇನಿ.”

ಮಾನಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

“ಸರಿ. ಫೋನ್ ನಂಬರೂ ಬೇರೆ ಮಾಡಿದ್ದೇನೆ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೋಗುವ ತಪ್ಪು ಇನ್ನು ಆಗುವುದಿಲ್ಲ,” ಎಂದು ಇಳಾ ಸಮಾಧಾನದಿಂದ ಹೇಳಿದರು.

ಜೂನ್ ಒಂದರ ನೀಲವ್ವ ಕೇಳಿದಳು:

“ಅಂದ್ರ ಇಕಿಗೆ ಏನರ ಆದ್ರ ನನಗ ಗೊತ್ತಾಗಂಗಿಲ್ಲೇನ್ರಿ?”

“ಇಲ್ಲ. ಗೊತ್ತಾಗಬಾರದು, ಅದು ಅವರ ಖಾಸಗಿ...”

“ಹನ್ನೊಂದು ವರ್ಷ ಗೊತ್ತಾಗಿಲ್ರಿ ಮೇಡಮ್ಮಾರ. ಮಗ್ಗ ನಿಂತ್ರ ಯಾಕ ನಿಂತು ಅಂತ ಕೇಳಾಕ ನನಗ ಬಾಯಿ ಬರಲಿಲ್ಲ. ನಿಮ್ಮ ಡಬ್ಬಿ ತಪ್ಪು ಮಾಡಿ ಹೇಳ್ತು. ಆ ತಪ್ಪು ಹಂಗ ಇರ್ಲಿ ರೀ.”

ಇಳಾ ಇನ್ನೊಬ್ಬಳ ಮುಖ ನೋಡಿದರು. ಅವಳು ಒಪ್ಪಿಗೆಯ ಹೆಬ್ಬೆಟ್ಟು ಒತ್ತಲು ಪಟ್ಟಿ ಕಟ್ಟಿದ ಬೆರಳನ್ನು ಆಗಲೇ ಶಾಯಿಯ ಡಬ್ಬಿಯ ಕಡೆ ಚಾಚಿದ್ದಳು, ನೆನಪಾಗಿ ಎಡಗೈಯದನ್ನು ಕೊಟ್ಟಳು. “ಎಲ್ಲಿ ಒತ್ತಲ್ರಿ? ನಂದು ಇಕಿಗೆ ಹೋಗ್ಲಿ, ಇಕೀದು ನನಗ ಬರ್ಲಿ.”

ಇಳಾರಿಗೆ ಅಪ್ಪನ ನೆನಪಾಯಿತು. ನಾಲ್ಕು ಆಸ್ಪತ್ರೆಗಳಿಗೂ ಅಪ್ಪ ಒಬ್ಬರೇ ಹೋಗಿದ್ದರು. ತಾವು ಆಗ ಕೆಲಸದಲ್ಲಿ ಮುಳುಗಿದ್ದರು, ಒಂದು ಸಂದೇಶವೂ ತಮಗೆ ಬಂದಿರಲಿಲ್ಲ, ತಾವೂ ಕೇಳಿರಲಿಲ್ಲ. ದಾಖಲೆಗಳನ್ನು ಒಂದು ಮಾಡುವ ಯಂತ್ರವನ್ನು ಹದಿನಾಲ್ಕು ವರ್ಷ ಕಟ್ಟಿದ್ದರಲ್ಲ, ಸುದ್ದಿ ಯಾರಿಗೆ ಮುಟ್ಟಬೇಕು ಎಂಬ ಈ ಸಣ್ಣ ಮಾತು ಒಮ್ಮೆಯೂ ಅವರಿಗೆ ಹೊಳೆದಿರಲಿಲ್ಲ.

ಮರುದಿನ ಮುಗಿಲ ಕಣಜದ ಪ್ರತಿ ದಾಖಲೆಗೂ ಹೊಸ ಕಾಲಮು ಸೇರಿತು: ‘ಇನ್ನು ಯಾರಿಗೆ ತಿಳಿಸಬೇಕು?’ ಆರು ವಾರ ಬೆಂಚಿನ ಮೇಲೆ ಜೋಡಿಯಾಗಿ ಕುಳಿತು ಹೋದವರಲ್ಲಿ ಎಷ್ಟೋ ಜನ ಪಕ್ಕದಲ್ಲಿದ್ದವರ ಹೆಸರನ್ನೇ ಅಲ್ಲಿ ಬರೆಸಿದರು. ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಮಾನಪ್ಪ ಹಳೆಯ ಯಂತ್ರವನ್ನು ತಮ್ಮ ಕೈಯಾರೆ ಆರಿಸಿದರು. ಕೋಣೆಯಲ್ಲಿ ಗುಂಯ್ ಸದ್ದು ನಿಂತದ್ದು ಅವರ ಕಿವಿಗೆ ಒಗ್ಗಲು ಕೆಲವು ದಿನ ಬೇಕಾಯಿತು. ಇಳಾ ತಮ್ಮ ಸಂಸ್ಥೆಗೆ ಕಳಿಸಿದ ವರದಿಯ ಕೊನೆಯ ಸಾಲು ಹೀಗಿತ್ತು: ‘ದೋಷವನ್ನು ಸರಿಪಡಿಸಲಾಗಿದೆ. ರೋಗಿಗಳ ಕೋರಿಕೆಯ ಮೇರೆಗೆ ಕೆಲವು ಕಡೆ ಉಳಿಸಿಕೊಳ್ಳಲಾಗಿದೆ.’

ಹೊಸ ಸೇವೆ ಮತ್ತೆ ಶುರುವಾದ ಅದೇ ವಾರದ ಒಂದು ಬೆಳಿಗ್ಗೆ ಜಂಬಗಿಯವರ ಮನೆಯ ಗೋಡೆಯ ಈ ಪಕ್ಕದಲ್ಲಿ ಜೂನ್ ಎರಡರ ನೀಲವ್ವ ಮಗ್ಗದ ಮೇಲೆ ಕುಳಿತಿದ್ದಾಗ ಅವಳ ಫೋನು ಓದಿತು: ‘ನೀಲವ್ವ ಅವರ ಇಪ್ಪತ್ತೊಂದು ದಿನದ ಸೂಜಿ ಇಂದು.’ ಅವಳು ಮಗ್ಗ ನಿಲ್ಲಿಸಿದಳು. ಎದ್ದು ಗೋಡೆಯ ಹತ್ತಿರ ಬಂದು ನಿಂತಳು. ಆಸ್ಪತ್ರೆಯಲ್ಲಿ ಮಾತಾಡುವುದು ಬೇರೆ, ಈ ಗೋಡೆಗೆ ಕೇಳುವಂತೆ ಮಾತಾಡುವುದು ಬೇರೆ. ಹನ್ನೊಂದು ವರ್ಷಗಳಲ್ಲಿ ಇದರ ಮೇಲಿಂದ ಒಂದು ಮಾತೂ ದಾಟಿರಲಿಲ್ಲ.

“ಏ ನೀಲೀ,” ಎಂದು ಕೂಗಿದಳು. “ಇವತ್ತ ಸೂಜಿ ಐತಿ ನಿಂದು. ನಾನೂ ಬರ್ತೀನಿ, ನಡಿ.”

ಆ ಕಡೆ ನೂಲು ಸುತ್ತುವ ಸದ್ದು ನಿಂತಿತು.

“ಚಾ ಕುಡದಿ ಏನು? ಇಲ್ಲಂದ್ರ ಈ ಕಡೆ ಬಾ. ಕುಡದು ಹೋಗೂಣು.”